ಕನಿಷ್ಠ ಇನ್ನೂರೈವತ್ತು ಪದ

ಫೆಬ್ರವರಿ 6

ಪೂಜ್ಯ ಮಾವನಿಗೆ ಇಲಿಮರಿಯ ನಮಸ್ಕಾರಗಳು.

ನನ್ನ ಕೈಬರಹ ನಿಮಗೆ ಗುರುತು ಸಿಗಲಿಕ್ಕಿಲ್ಲ. ಇದುವರೆಗೆ ನಾನು ನಿಮಗೆ ಬರೆದದ್ದೆಂದರೆ ಅಮ್ಮನ ಕಾಗದದ ಕೊನೆಯಲ್ಲಿ ‘ನಾನೂ ಕ್ಷೇಮ’ ಎಂಬ ಎರಡು ಪದ. ಫೋನು ಮಾಡಿ ಕೇಳೋಣವೆಂದರೆ ನಿಮಗೆ ಕಿವಿ ಕೇಳಿಸದು, ನನಗೆ ಬಾಯಿ ಬಾರದು. “ನೀವಿಬ್ರೂ ಫೋನು ಹಿಡ್ಕೊಂಡ್ರೆ ಆ ಕಡೆ ಈ ಕಡೆ ಬರೀ ಉಸಿರು. ಕಾಗದ ಬರಿ ಹೋಗು,” ಎಂದಳು ಅಮ್ಮ.

ನಾನು ನಾಲ್ಕು ವರ್ಷದಿಂದ ಕೃತಕ ಕಾಲು ಮಾಡುವ ಕಾರ್ಯಾಗಾರದಲ್ಲಿ ಸಹಾಯಕಿ. ಪ್ಲಾಸ್ಟರ್ ಕಲಸುವುದು, ಅಚ್ಚು ಒಣಗಿಸುವುದು, ಸಂಜೆ ನೆಲದ ಮೇಲಿನ ಬಿಳಿ ಪುಡಿ ಗುಡಿಸುವುದು ನನ್ನ ಕೆಲಸ. ಅಚ್ಚನ್ನು ಅರದಿಂದ ಉಜ್ಜಿ ತಿದ್ದುವುದು ತರಬೇತಿಯಾದವರ ಕೆಲಸ. ಆದರೂ ಜನ ಕಡಿಮೆಯಿದ್ದ ದಿನ ನಮ್ಮ ಹೆಡ್ ಮೇಡಂ ನನ್ನ ಕೈಗೇ ಅರ ಕೊಡುತ್ತಾರೆ. ಹಾಳೆಯಲ್ಲಿ ಮಾತ್ರ ಸಹಿ ಅವರದ್ದು. ನನ್ನ ಸಹಿಗೆ ಅಲ್ಲಿ ಬೆಲೆಯಿಲ್ಲ.

ಬರುವ ನವೆಂಬರಿನಲ್ಲಿ ಎರಡು ವರ್ಷದ ತರಬೇತಿ ಶುರುವಾಗುತ್ತದೆ. ಮೂರು ವರ್ಷಕ್ಕೊಮ್ಮೆ ಹತ್ತು ಜನರನ್ನು ತೆಗೆದುಕೊಳ್ಳುತ್ತಾರೆ. ಕೆಲಸ ಗೊತ್ತಿದ್ದವರಿಗೆ ಶಾಲೆಯ ಪ್ರಮಾಣಪತ್ರ ಕೇಳುವುದಿಲ್ಲ, ಆದರೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ಆದ್ದರಿಂದ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ಭಾಗಗಳಲ್ಲಿ ಒಂಬತ್ತಕ್ಕೆ ಆರು ಅಂಕ ತರಬೇಕು. ಮುಂದಿನ ಸಲದಿಂದ ಹತ್ತನೆಯ ತರಗತಿ ಆಗಿರಲೇಬೇಕಂತೆ. ಐದನೆಯ ತರಗತಿಯವಳಿಗೆ ಇದೇ ಕೊನೆಯ ಬಾಗಿಲು.

ಓದುವುದನ್ನೂ ಕೇಳುವುದನ್ನೂ ಸಂಜೆಯ ಕ್ಲಾಸಿನಲ್ಲಿ ಕಲಿತಿದ್ದೇನೆ. ಮಾತೂ ಪರವಾಗಿಲ್ಲ. ಇಂಗ್ಲಿಷಿನಲ್ಲಿ ನನಗೆ ನಾಚಿಕೆ ಕಡಿಮೆ, ಮಾತಾಡುವವಳು ಬೇರೆ ಯಾರೋ ಅನಿಸುತ್ತದೆ. ಭಯವಿರುವುದು ಬರವಣಿಗೆಗೆ. ಇಪ್ಪತ್ತು ನಿಮಿಷದಲ್ಲಿ ಒಂದು ಪತ್ರ, ನಲವತ್ತು ನಿಮಿಷದಲ್ಲಿ ಒಂದು ಪ್ರಬಂಧ. ಪ್ರತಿ ಪ್ರಶ್ನೆಯ ಕೆಳಗೂ ‘ನಿಮ್ಮ ಅಭಿಪ್ರಾಯವೇನು? ಕಾರಣ ಕೊಡಿ’ ಎಂದಿರುತ್ತದೆ. ನನ್ನ ಅಭಿಪ್ರಾಯವನ್ನು ಇದುವರೆಗೆ ಯಾರೂ ಕೇಳಿಲ್ಲ, ಎಲ್ಲಿದೆಯೋ ಹುಡುಕಬೇಕು.

ನೀವು ತಂತಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷಿನಲ್ಲೇ ಇದ್ದವರು. ನಾನು ಅಭ್ಯಾಸಕ್ಕೆ ಬರೆದದ್ದನ್ನು ತಿದ್ದಿಕೊಡುತ್ತೀರಾ? ಹಳೆಯ ವಸ್ತುಗಳನ್ನು ರಿಪೇರಿ ಮಾಡುವುದು ಮೇಲೋ, ಹೊಸದು ಕೊಳ್ಳುವುದು ಮೇಲೋ ಎಂಬ ಪ್ರಬಂಧ ಜೊತೆಗಿದೆ. ನಿಮ್ಮ ಅಕ್ಷರ ನನಗೆ ಗೊತ್ತು. ಅಮ್ಮನ ಡಬ್ಬಿಯಲ್ಲಿ ನಿಮ್ಮ ಹಳೆಯ ಕಾರ್ಡೊಂದಿದೆ. ಮೂರೇ ಪದ, ಆದರೆ ಅಕ್ಷರ ಎಷ್ಟು ಚೆಂದ.

ತರಬೇತಿ ನಡೆಯುವುದು ನಿಮ್ಮ ನಗರದಲ್ಲೇ. ಹಾಸ್ಟೆಲ್ ಇದೆಯಂತೆ. ನಿಮಗೆ ತೊಂದರೆ ಕೊಡುವುದಿಲ್ಲ.

ಅತ್ತೆಗೆ ನಮಸ್ಕಾರ.

ಇಲಿಮರಿ


ಫೆಬ್ರವರಿ 15

ಇಲಿಮರಿಗೆ,

ಕಾಗದ ತಲುಪಿತು. ಸಂತೋಷ. ಪ್ರಬಂಧ ತಿದ್ದಿ ಇಟ್ಟಿದೆ. 262 ಪದ ಇತ್ತು. 81 ಉಳಿಸಿದೆ. ಮಿಕ್ಕದ್ದು ಗಾಳಿ. ‘ನನಗೆ ಅನಿಸುವ ಮಟ್ಟಿಗೆ’ ಬೇಡ. ‘ಉದಾಹರಣೆಗೆ ಹೇಳುವುದಾದರೆ’ ಬೇಡ. ರಿಪೇರಿಯೂ ಸರಿ, ಹೊಸದೂ ಸರಿ ಎಂದು ಬರೆದಿದ್ದೀಯೆ. ಒಂದನ್ನು ಹಿಡಿ. ಮುಂದಿನದು ಕಳಿಸು.

ಮಾವ

ಅತ್ತೆ ಬರೀತಿರೋದು: ಇಲಿಮರಿ, ಚೆನ್ನಾಗಿದೀಯಾ? ನಿನ್ನ ಕಾಗದ ಬಂದಾಗಿಂದ ಇವರ ಗತ್ತೇ ಗತ್ತು. ಕೆಂಪು ಪೆನ್ನು ಹುಡುಕೋಕೆ ಮನೆಯೆಲ್ಲ ತಲೆಕೆಳಗೆ ಮಾಡಿದ್ರು. ಕಚೇರಿಯಲ್ಲಿ ಇವರನ್ನ ‘ಕತ್ತರಿ’ ಅಂತಿದ್ರು ಕಣೆ. ಯಾರು ಉದ್ದದ ತಂತಿ ಬರ್ಕೊಂಡು ಬಂದ್ರೂ ಕೌಂಟರಲ್ಲೇ ಕತ್ತರಿಸಿ ಕೊಡೋರು. ನನ್ನ ಹತ್ರಾನೂ ಅಷ್ಟೇ. ಮದುವೆಯಾದ ಹೊಸದ್ರಲ್ಲಿ ಬರೆದ ಕಾಗದ ‘ತಲುಪಿದೆ, ಕ್ಷೇಮ, ಬರುವೆ’. ಎಲ್ಲಿಗೆ ತಲುಪಿದ್ರೋ, ಯಾವಾಗ ಬರ್ತಾರೋ ದೇವರಿಗೇ ಗೊತ್ತು.


ಮಾರ್ಚ್ 2

ಪೂಜ್ಯ ಮಾವನಿಗೆ,

ನೀವು ತಿದ್ದಿದ್ದನ್ನು ಓದಿ ಬೆರಗಾದೆ. ನಾನು ಒಂದು ಪುಟ ಸುತ್ತಾಡಿ ಹೇಳಿದ್ದನ್ನು ನೀವು ಮೂರು ಸಾಲಿನಲ್ಲಿ ಹೇಳಿಬಿಟ್ಟಿದ್ದೀರಿ. ಅದನ್ನು ಪ್ಲಾಸ್ಟರ್ ಚೀಲಗಳ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಅಳತೆ ತೆಗೆಯುವ ಅಣ್ಣ ಓದಿ, “ಯಾರಿದು? ಬೈತಿದಾರಾ, ಪಾಠ ಮಾಡ್ತಿದಾರಾ?” ಎಂದು ಕೇಳಿದ. ನಮ್ಮ ಮಾವ ಎಂದೆ. “ಹಂಗಾದ್ರೆ ಎರಡೂ ಇರ್ಬೇಕು ಬಿಡು,” ಎಂದ.

ಒಂದು ಸಣ್ಣ ಅನುಮಾನ. ಪ್ರಬಂಧದ ಪ್ರಶ್ನೆಯ ಕೆಳಗೆ ‘ಕನಿಷ್ಠ 250 ಪದ’ ಎಂದು ಅಚ್ಚಾಗಿದೆ. ನೀವು ನೋಡಿಯೇ ಇರುತ್ತೀರಿ. ಹಾಗಿದ್ದೂ 81 ಸಾಕು ಎಂದರೆ ಅದಕ್ಕೆ ಏನೋ ಕಾರಣವಿರುತ್ತದೆ. ಸುಮ್ಮನೆ ಕೇಳಿದೆ, ತಪ್ಪು ತಿಳಿಯಬೇಡಿ.

ಇಲ್ಲಿ ಒಂದು ಸುದ್ದಿ. ಬೇಕರಿಯಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರಿಗೆ ಮೊಣಕಾಲಿನ ಕೆಳಗಿನಿಂದ ಕಾಲಿಲ್ಲ. ದಿನವಿಡೀ ಒಲೆಯ ಮುಂದೆ ನಿಲ್ಲಬೇಕು. ಹೊಸ ಕಾಲು ಕೊಟ್ಟು ಒಂದು ತಿಂಗಳಾಯಿತು, ನೋವು ಎಂದು ಮೂರನೆಯ ಸಲ ಬಂದರು. ಬರುವಾಗಲೆಲ್ಲ ನಮಗೆ ಬನ್ನು ತರುತ್ತಾರೆ. “ನನ್ನ ಕಾಲು ಸರಿಯಾದ ದಿನ ಬನ್ನು ನಿಲ್ಲುತ್ತೆ, ನೋಡ್ಕೊಳ್ಳಿ,” ಎಂದು ನಗುತ್ತಾರೆ. ಕಾಲು ಬಿಚ್ಚಿದಾಗ ಮಾತ್ರ ನಗುವುದಿಲ್ಲ. ಚರ್ಮ ಕೆಂಪಾಗಿರುತ್ತದೆ.

ಪತ್ರವೊಂದು, ಪ್ರಬಂಧವೊಂದು ಇಟ್ಟಿದ್ದೇನೆ. ಪರೀಕ್ಷೆ ಏಪ್ರಿಲ್ 14ಕ್ಕೆ.

ಇಲಿಮರಿ


ಮಾರ್ಚ್ 10

ಇಲಿಮರಿಗೆ,

ಎರಡೂ ತಿದ್ದಿದೆ. ಪ್ರಬಂಧ 96. ಪತ್ರ 40.

‘ಕನಿಷ್ಠ’ ಎಂದು ಬರೆದಿರುವುದು ಬರೆಯಲು ಬಾರದವರಿಗೆ. ಹೇಳುವುದು ಮುಗಿದ ಮೇಲೆ ನಿಲ್ಲಿಸುವವನಿಗೆ ಯಾರೂ ಅಂಕ ಕಡಿಯುವುದಿಲ್ಲ. ನನ್ನ ಸೇವೆಯಲ್ಲಿ ಒಂದು ಪದ ಹೆಚ್ಚು ಹೋಗಿಲ್ಲ. ಒಂದೂ ತಪ್ಪು ತಲುಪಿಲ್ಲ. ಧೈರ್ಯವಾಗಿರು.

ಬೇಕರಿಯಾಕೆಯ ವಿಷಯ ತಿಳಿಯಿತು. ಅದು ಪ್ರಬಂಧಕ್ಕೆ ಬೇಡ.

ಮಾವ


ಏಪ್ರಿಲ್ 20

ಪೂಜ್ಯ ಮಾವನಿಗೆ,

ಪರೀಕ್ಷೆ ಮುಗಿಯಿತು. ಕೇಳುವುದು, ಓದುವುದು ಚೆನ್ನಾಗಾಯಿತು. ಮಾತಿನ ಪರೀಕ್ಷೆಯ ಸಾಹೇಬರು ನನ್ನ ಕೈಯಲ್ಲಿದ್ದ ಪ್ಲಾಸ್ಟರ್ ಕಲೆ ನೋಡಿ ಏನೆಂದು ಕೇಳಿದರು. ಹೇಳುತ್ತಾ ಹೋದೆ, ಅವರೇ ‘ಸಮಯ ಆಯಿತು’ ಎಂದು ನಿಲ್ಲಿಸಬೇಕಾಯಿತು. ನನ್ನನ್ನು ಯಾರೋ ನಿಲ್ಲಿಸಿದ್ದು ಜೀವನದಲ್ಲಿ ಇದೇ ಮೊದಲು!

ಬರವಣಿಗೆಯಲ್ಲಿ ಪ್ರಬಂಧ ಹೀಗಿತ್ತು: ‘ಮನುಷ್ಯ ಹೆಚ್ಚು ಕಲಿಯುವುದು ಶಾಲೆಯಲ್ಲೋ, ಕೆಲಸದಲ್ಲೋ?’ ಓದಿದ ಕೂಡಲೇ ತಲೆಯಲ್ಲಿ ಏನೇನೋ ನುಗ್ಗಿ ಬಂತು. ನಿಮ್ಮನ್ನು ನೆನೆಸಿಕೊಂಡು ಬೇಡದ್ದನ್ನೆಲ್ಲ ಬಿಟ್ಟೆ. ನೂರು ಪದಕ್ಕೆ ಮುಗಿಸಿದೆ. ಒಂದು ಗಂಟೆಯ ಕೆಲಸ ಇಪ್ಪತ್ತೈದು ನಿಮಿಷಕ್ಕೆ ಆಯಿತು. ಸುತ್ತಲಿನವರೆಲ್ಲ ಬೆವರು ಒರೆಸಿಕೊಂಡು ಹಾಳೆ ಮೇಲೆ ಹಾಳೆ ಕೇಳುತ್ತಿದ್ದರು. ಮೇಲ್ವಿಚಾರಕಿ ನನ್ನ ಹತ್ತಿರ ಬಂದು, “ಆಯ್ತಾ? ಇನ್ನೊಂದ್ಸಲ ನೋಡಮ್ಮ,” ಎಂದರು. ಆಯಿತು ಎಂದು ಹೇಳಿ ಕೈಕಟ್ಟಿ ಕುಳಿತೆ. ನೀವಿದ್ದಿದ್ದರೆ ಮೆಚ್ಚುತ್ತಿದ್ದಿರಿ.

ಫಲಿತಾಂಶ ಅಂಚೆಯಲ್ಲಿ ಮೂರು ವಾರಕ್ಕೆ ಬರುತ್ತದಂತೆ. ಬಂದ ದಿನವೇ ಬರೆಯುತ್ತೇನೆ.

ಇಲಿಮರಿ


ಮೇ 16

ಇಲಿಮರಿಗೆ,

ಮೂರು ವಾರ ಮುಗಿಯಿತು. ಫಲಿತಾಂಶ ತಿಳಿಸು.

ಮಾವ


ಮೇ 31

ಇಲಿಮರಿಗೆ,

ಹಿಂದಿನ ಕಾರ್ಡಿಗೆ ಉತ್ತರವಿಲ್ಲ. ಕ್ಷೇಮವೇ?

ಮಾವ

ಅತ್ತೆ: ಏನಾಯ್ತೆ ಮಗಳೇ? ಪೋಸ್ಟಿನವನ ಸೈಕಲ್ಲು ತಿರುವು ದಾಟೋ ಹೊತ್ತಿಗೆ ಇವರು ಗೇಟಿನ ಹತ್ರ. ಅವನಿಗೇ ನಾಚಿಕೆ ಆಗ್ತಿದೆ, ಇವತ್ತು ನಮ್ಮನೇಗೆ ಯಾರದೋ ಕರೆಂಟ್ ಬಿಲ್ ಕೊಟ್ಟು ಹೋದ. ಒಳ್ಳೇದೋ ಕೆಟ್ಟದ್ದೋ, ಎರಡಕ್ಷರ ಬರಿ.


ಜೂನ್ 9

ಪೂಜ್ಯ ಮಾವನಿಗೆ,

ತಡವಾದದ್ದಕ್ಕೆ ಕ್ಷಮಿಸಿ. ಕೆಲಸ ಜಾಸ್ತಿಯಿತ್ತು.

ಫಲಿತಾಂಶ ಬಂತು. ಮೂರರಲ್ಲಿ ಆರರ ಮೇಲಿದೆ. ಬರವಣಿಗೆಯಲ್ಲಿ ಸ್ವಲ್ಪ ಕಡಿಮೆಯಾಯಿತು. ತಪ್ಪು ನನ್ನದೇ. ಕೈ ನಡುಗಿ ನೀವು ಹೇಳಿಕೊಟ್ಟಂತೆ ಬರೆಯಲಾಗಲಿಲ್ಲ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಸೆಪ್ಟೆಂಬರ್ 8ಕ್ಕೆ ಇನ್ನೊಂದು ಪರೀಕ್ಷೆಯಿದೆ. ಅದರ ಫಲಿತಾಂಶ ತರಬೇತಿಯ ಅರ್ಜಿಯ ಕೊನೆಯ ದಿನಕ್ಕೆ ಸರಿಯಾಗಿ ಬರುತ್ತದೆ. ಅದಾದ ಮೇಲೆ ಇಲ್ಲ.

ಬೇಕರಿ ಅಕ್ಕನ ಕಾಲು ಸರಿಹೋಯಿತು. ಬನ್ನು ನಿಂತಿಲ್ಲ.

ಅತ್ತೆಗೆ ನಮಸ್ಕಾರ.

ಇಲಿಮರಿ


ಜೂನ್ 17

ಇಲಿಮರಿಗೆ,

ಕಂಡೆಯಾ? ಹೇಳಿದಂತೆ ಬರೆಯದಿದ್ದರೆ ಹೀಗೇ. ಚಿಂತೆ ಬೇಡ. ಜುಲೈ, ಆಗಸ್ಟ್ ಎರಡು ತಿಂಗಳಿದೆ. ವಾರಕ್ಕೆರಡು ಪ್ರಬಂಧ ಕಳಿಸು. ಈ ಸಲ ಇನ್ನೂ ಬಿಗಿ ಮಾಡೋಣ. 70ಕ್ಕೆ ತರೋಣ.

ಮಾವ


ಜುಲೈ 24

ಮಾವ,

ಇದು ಮೂರನೆಯ ಹಾಳೆ. ಮೊದಲ ಎರಡರಲ್ಲಿ ‘ತಪ್ಪು ತಿಳಿಯಬೇಡಿ’ ಎಂದು ಬರೆದು ಬರೆದು ಪುಟ ತುಂಬಿಹೋಯಿತು. ಆದ್ದರಿಂದ ನೇರವಾಗಿ ಬರೆಯುತ್ತೇನೆ.

ಜೂನಿನಲ್ಲಿ ನಾನು ಸುಳ್ಳು ಹೇಳಿದೆ. ನನ್ನ ಕೈ ನಡುಗಲಿಲ್ಲ. ನೀವು ಹೇಳಿಕೊಟ್ಟಂತೆಯೇ ಬರೆದೆ. ಬರವಣಿಗೆಯಲ್ಲಿ ನಾಲ್ಕು ಬಂತು. ಸಂಜೆಯ ಕ್ಲಾಸಿನ ಟೀಚರಿಗೆ ನಾನು ಬರೆದದ್ದನ್ನು ನೆನಪಿನಿಂದ ಬರೆದು ತೋರಿಸಿದೆ. ಅವರು ಎಣಿಸಿ, ತಲೆ ಮೇಲೆ ಕೈಯಿಟ್ಟುಕೊಂಡು, “ಅಲ್ಲಮ್ಮಾ, ಕನಿಷ್ಠ ಅಂದ್ರೆ ಕನಿಷ್ಠಾನೇ. ಪರೀಕ್ಷೆ ಬರಿಯೋಕೆ ಹೋದ್ಯೋ, ಬಸ್ ಹಿಡಿಯೋಕೆ ಹೋದ್ಯೋ?” ಎಂದರು. ಇನ್ನೂರೈವತ್ತಕ್ಕಿಂತ ಕಡಿಮೆಯಾದರೆ ಅಂಕ ಕಡಿಯುತ್ತಾರಂತೆ. ನಿಮಗೆ ಬೇಸರವಾಗಬಾರದೆಂದು ಮುಚ್ಚಿಟ್ಟೆ. ಆದರೆ ನೀವು ಎಪ್ಪತ್ತಕ್ಕೆ ತರೋಣ ಎಂದಾಗ, ಇನ್ನೂ ಸುಮ್ಮನಿದ್ದರೆ ಸೀಟು ಹೋಗುತ್ತದೆ ಎಂದು ಭಯವಾಯಿತು.

ನೀವು ಹೇಳುವುದನ್ನು ನಾನು ಒಪ್ಪುವುದಿಲ್ಲ. ಕಾರಣ ಕೊಡುತ್ತೇನೆ, ಉದಾಹರಣೆಯೂ ಇದೆ.

ಕಾಲು ಕಳೆದುಕೊಂಡವರು ಬಂದಾಗ ಕತ್ತರಿಸಿ ಉಳಿದ ಮೋಟು ಕಾಲಿನದೇ ಪ್ಲಾಸ್ಟರ್ ಅಚ್ಚು ಮಾಡಿಕೊಳ್ಳುತ್ತೇವೆ. ಆ ಅಚ್ಚಿನ ಮೇಲೆ ಬಟ್ಟಲಿನಂಥದ್ದನ್ನು ಎರೆಯುತ್ತೇವೆ. ಕಾಲು ಕೂರುವುದು ಆ ಬಟ್ಟಲಿನಲ್ಲಿ. ಅಚ್ಚನ್ನು ಎಲ್ಲಿ ಕೆರೆಯುತ್ತೇವೋ ಅಲ್ಲಿ ಬಟ್ಟಲು ಬಿಗಿಯಾಗಿ ಹಿಡಿಯುತ್ತದೆ. ಮಾಂಸವಿರುವ ಕಡೆ ಬಿಗಿ ಬೇಕು, ಇಲ್ಲದಿದ್ದರೆ ಕಾಲು ಜಾರುತ್ತದೆ. ಆದರೆ ಮೂಳೆ ಹೊರಗೆ ಬಂದ ಕಡೆ ಕೆರೆಯಬಾರದು. ಅಲ್ಲಿ ಹೆಚ್ಚಿಗೆ ಪ್ಲಾಸ್ಟರ್ ಮೆತ್ತಬೇಕು. ಮೆತ್ತಿದಷ್ಟು ಬಟ್ಟಲಿನೊಳಗೆ ಜಾಗ ಬಿಟ್ಟುಕೊಳ್ಳುತ್ತದೆ. ಆ ಜಾಗ ನೋಡುವವರಿಗೆ ವ್ಯರ್ಥ, ನಿಲ್ಲುವವರಿಗೆ ಅದೇ ಎಲ್ಲ.

ಬೇಕರಿ ಅಕ್ಕನಿಗೆ ನೋವಾದಾಗಲೆಲ್ಲ ಇಲ್ಲಿಯವರು ಸಡಿಲವಿರಬೇಕೆಂದು ತಿಳಿದು ಅಚ್ಚನ್ನು ಸುತ್ತಲೂ ಇನ್ನಷ್ಟು ಕೆರೆದರು. ಅಚ್ಚು ನೋಡಲು ನುಣ್ಣಗೆ, ಎಷ್ಟು ಅಂದವಾಗಿತ್ತು ಗೊತ್ತೇ? ನಿಮ್ಮ 81 ಪದದ ಪ್ರಬಂಧದ ಹಾಗೆ. ಮಾರ್ಚ್ ಕೊನೆಯಲ್ಲಿ ಮೇಡಂ ರಜೆಯಲ್ಲಿದ್ದಾಗ ನಾನು ಅಕ್ಕನ ಕಾಲನ್ನು ಬೆರಳಿನಿಂದ ಮುಟ್ಟಿ ನೋಡಿ, ಮೂಳೆಯ ಎರಡು ಕಡೆ ಪ್ಲಾಸ್ಟರ್ ಮೆತ್ತಿ ಹೊಸ ಬಟ್ಟಲು ಎರೆದೆ. ಅಕ್ಕ ಹಾಕಿಕೊಂಡು ಎದ್ದು ನಿಂತರು. ಕಿಟಕಿಯವರೆಗೆ ಹೋದರು. ವಾಪಸು ಬಂದರು. “ಏನ್ ಮಾಡಿದ್ಯೆ?” ಎಂದರು. ಮರುದಿನ ಮೇಡಂ ಕೂಡ ಅದೇ ಪ್ರಶ್ನೆ ಕೇಳಿದರು: “ಯಾಕೆ ಮೆತ್ತಿದೆ? ಕಾರಣ ಹೇಳು.” ಗೊತ್ತಿತ್ತು ಮಾವ, ಬೆರಳಿಗೆ ಗೊತ್ತಿತ್ತು. ಬಾಯಿಗೆ ಬರಲಿಲ್ಲ.

ಏಪ್ರಿಲ್ 14ರಂದು ಶಾಲೆಯೋ ಕೆಲಸವೋ ಎಂಬ ಪ್ರಶ್ನೆ ನೋಡಿದಾಗ ನನ್ನ ತಲೆಯಲ್ಲಿ ನುಗ್ಗಿ ಬಂದದ್ದು ಇದೇ. ಬೇಡದ್ದು ಎಂದು ಬಿಟ್ಟದ್ದೂ ಇದನ್ನೇ.

ತಂತಿಯಲ್ಲಿ ಸುದ್ದಿ ತಲುಪಿದರೆ ಸಾಕು. ಆದರೆ ಓದುವವರಿಗೆ ನಿಲ್ಲಲು ಜಾಗ ಬೇಕಲ್ಲವೇ? ಕಾರಣ ಬಿಟ್ಟುಬಿಟ್ಟರೆ ಓದಿದವರು ತಮಗೆ ತೋಚಿದ ಕಾರಣ ತುಂಬಿಕೊಳ್ಳುತ್ತಾರೆ. ಅದು ಎಲ್ಲಿ ನೋಯುತ್ತದೋ ಅಲ್ಲೇ ಒತ್ತುತ್ತದೆ.

ಇನ್ನು ಮೇಲೆ ನಾನು ಉದ್ದ ಬರೆಯುತ್ತೇನೆ, ನೀವು ತಪ್ಪು ಮಾತ್ರ ತಿದ್ದಿ, ಕತ್ತರಿಸಬೇಡಿ. ಮತ್ತೆ, ಒಬ್ಬಳೇ ಅಭ್ಯಾಸ ಮಾಡಲು ಬೇಸರ. ನೀವೂ ನನ್ನ ಜೊತೆ ಒಂದು ಬರೆಯಿರಿ. ನನ್ನ ಅಭ್ಯಾಸ ಪುಸ್ತಕದ ಹನ್ನೆರಡನೆಯ ಪ್ರಶ್ನೆ: ‘ನಿಮ್ಮ ಮನೆಯಲ್ಲಿ ಉಳಿದುಕೊಳ್ಳಲು ಸ್ನೇಹಿತರೊಬ್ಬರು ಕೇಳಿದ್ದಾರೆ. ನಿಮಗೆ ಆಗುವುದಿಲ್ಲ. ಪತ್ರ ಬರೆಯಿರಿ. ಕಾರಣ ತಿಳಿಸಿ. ವಿಷಾದ ಸೂಚಿಸಿ. ಬೇರೆ ದಾರಿ ಹೇಳಿ.’ ಸ್ನೇಹಿತರೇ ಆಗಬೇಕೆಂದಿಲ್ಲ, ಯಾರೆಂದು ಬೇಕಾದರೂ ಮಾಡಿಕೊಳ್ಳಿ. ಕನ್ನಡದಲ್ಲೇ ಬರೆಯಿರಿ.

ಕಾರ್ಡಿನಲ್ಲಿ ಜಾಗ ಸಾಲುವುದಿಲ್ಲ. ಗೆರೆ ಹಾಕಿದ ಹಾಳೆ ಜೊತೆಗಿಟ್ಟಿದ್ದೇನೆ.

ಇಲಿಮರಿ


ಆಗಸ್ಟ್ 5

ಇಲಿಮರಿ, ಇದು ಅತ್ತೆ. ಅವರಿಗೆ ಗೊತ್ತಿಲ್ಲದೆ ಬರೀತಿದೀನಿ.

ನಿನ್ನ ಕಾಗದ ಓದಿ ಅವರು ಕೆಂಪು ಪೆನ್ನನ್ನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ರು. ಕೋಪ ಅಂದ್ಕೊಂಡೆ. ಕೋಪ ಅಲ್ಲ. ಊಟಕ್ಕೆ ಕೂತವರು ಅರ್ಧಕ್ಕೇ ಎದ್ದು ಹೋಗಿ ಏನೋ ಬರೀತಾರೆ, ಹರೀತಾರೆ. ‘ಆ ಹುಡುಗಿ ಹನ್ನೆರಡನೇ ಪ್ರಶ್ನೆ ಕೇಳಿದಾಳೆ’ ಅಂತಾರೆ. ಏನದು ಅಂದ್ರೆ ಹೇಳಲ್ಲ. ನೀನು ಬರೆದದ್ದಕ್ಕೆ ಹೆದರ್ಕೋಬೇಡ. ನನಗಂತೂ ಓದಿ ಖುಷಿಯಾಯ್ತು. ಮೂವತ್ತೈದು ವರ್ಷದಿಂದ ನಾನು ಹೇಳ್ತಿರೋದನ್ನೇ ನೀನು ಪ್ಲಾಸ್ಟರ್ ಹಾಕಿ ಹೇಳಿದೀಯ.


ಆಗಸ್ಟ್ 12

ಇಲಿಮರಿ,

ನೀನು ಕಳಿಸಿದ ಹಾಳೆಯಲ್ಲೇ ಬರೆಯುತ್ತಿದ್ದೇನೆ. ಇದು ಕೊನೆಯ ಹಾಳೆ, ಮಿಕ್ಕವನ್ನು ಹರಿದೆ. ಇಪ್ಪತ್ತು ನಿಮಿಷವೆಂದು ಗಡಿಯಾರ ಎದುರಿಗಿಟ್ಟುಕೊಂಡೆ. ಹನ್ನೊಂದು ದಿನವಾಯಿತು.

ಮೊದಲು ನಿನ್ನ ಪರೀಕ್ಷೆ. ನಾಲ್ಕು ಅಂಕ ನಿನಗೆ ಬಂದದ್ದಲ್ಲ, ನನಗೆ ಬಂದದ್ದು. ನೀನು ಮಾರ್ಚಿನಲ್ಲೇ ಕೇಳಿದ್ದೆ. ನಾನು ಜಂಬದಿಂದ ಉತ್ತರ ಕೊಟ್ಟೆ.

ಇನ್ನು ಹನ್ನೆರಡನೆಯ ಪ್ರಶ್ನೆ. ಸ್ನೇಹಿತನ ಬದಲು ತಂಗಿ ಎಂದು ಮಾಡಿಕೊಂಡಿದ್ದೇನೆ. ನೀನು ಕೇಳಿದ್ದೂ ಅದನ್ನೇ. ಕಿವಿ ಹೋಗಿದೆ, ಬುದ್ಧಿ ಹೋಗಿಲ್ಲ.

ನೀನು ಐದನೆಯ ತರಗತಿ ಮುಗಿಸಿದ ವರ್ಷ ನಿನ್ನ ಅಮ್ಮ ನನಗೆ ಆರು ಪುಟ ಬರೆದಳು. ನಿಮ್ಮಲ್ಲಿ ಮುಂದಿನ ಶಾಲೆಗೆ ಎರಡು ಬಸ್ಸು ಹಿಡಿಯಬೇಕಿತ್ತು. ನಮ್ಮ ಮನೆಗೆ ಶಾಲೆಯ ಗಂಟೆ ಕೇಳುತ್ತಿತ್ತು. ‘ಅವಳನ್ನು ನಿನ್ನ ಹತ್ತಿರ ಇಟ್ಟುಕೊಂಡು ಓದಿಸುತ್ತೀಯಾ ಅಣ್ಣಾ?’ ಎಂದು ಕೇಳಿದ್ದಳು. ನಾನು ಒಂದು ಕಾರ್ಡಿನಲ್ಲಿ ‘ಈ ವರ್ಷ ಆಗದು’ ಎಂದು ಬರೆದು ಹಾಕಿದೆ. ಆ ಮೂರು ಪದವನ್ನೇ ನೀನು ಡಬ್ಬಿಯಲ್ಲಿ ನೋಡಿರುವುದು.

ಕಾರಣ. ಶಾಲೆಯ ಗಂಟೆ ಎಲ್ಲರಿಗೂ ಕೇಳುತ್ತಿತ್ತು, ನನಗೆ ಆ ವರ್ಷ ಕೇಳುವುದು ನಿಂತಿತ್ತು. ನಿವೃತ್ತಿಯಾದ ಮೇಲೆ ಕಿವಿ ಹೋಯಿತೆಂದು ಎಲ್ಲರಿಗೂ ಹೇಳಿದ್ದೇನೆ. ಅದು ಸುಳ್ಳು. ಐದು ವರ್ಷ ಮೊದಲೇ ಹೋಗಿತ್ತು. ತಂತಿ ಯಂತ್ರದ ಟಕ್ ಟಕ್ ಶಬ್ದವನ್ನು ಬೆರಳಿಟ್ಟು ತಿಳಿದುಕೊಳ್ಳುತ್ತಿದ್ದೆ. ನೀನು ಮೂಳೆಯನ್ನು ಮುಟ್ಟಿ ತಿಳಿದಂತೆ. ಗೊತ್ತಾದರೆ ಕೆಲಸ ಹೋಗುತ್ತಿತ್ತು, ಕಚೇರಿಯ ಸಾಲದಲ್ಲಿ ಕಟ್ಟಿದ ಈ ಮನೆಯೂ ಹೋಗುತ್ತಿತ್ತು. ನಿನ್ನ ಅತ್ತೆಯದು ಜೋರು ಗಂಟಲು, ಅವಳ ಜೊತೆ ಹೇಗೋ ಸಾಗುತ್ತಿತ್ತು. ನೀನು ಮಾತಾಡಿದರೆ ಪಕ್ಕದಲ್ಲಿ ಕೂತವರಿಗೂ ಕೇಳದು. ಒಂದು ಲೋಟ ನೀರು ಕೇಳಿದರೂ ನನಗೆ ತಿಳಿಯುತ್ತಿರಲಿಲ್ಲ. ಮಗು ಎರಡು ದಿನಕ್ಕೆ ಕಂಡುಹಿಡಿಯುತ್ತದೆ, ಮನೆಗೆಲ್ಲ ತಿಳಿಯುತ್ತದೆ ಎಂದು ಹೆದರಿದೆ.

ವಿಷಾದ. ‘ಈ ವರ್ಷ’ ಎಂದರೆ ಮುಂದಿನ ವರ್ಷ ಕರೆಸಿಕೊಳ್ಳೋಣ ಎಂದೇ ಇತ್ತು. ಅಷ್ಟರಲ್ಲಿ ಅಭ್ಯಾಸವಾಗುತ್ತದೆ ಎಂದುಕೊಂಡೆ. ನಿನ್ನ ಅಮ್ಮ ಮತ್ತೆ ಕೇಳಲಿಲ್ಲ. ಬೇಡವಾಯಿತೇನೋ ಎಂದು ನಾನೂ ಕೇಳಲಿಲ್ಲ. ಒಂದು ಪದ ಹೆಚ್ಚು ಹೋಗಿಲ್ಲ, ಒಂದೂ ತಪ್ಪು ತಲುಪಿಲ್ಲ ಎಂದು ನಿನಗೆ ಬರೆದೆನಲ್ಲ? ತಪ್ಪಾಗಿ ತಲುಪಿದ್ದು ಆ ಕಾರ್ಡೊಂದು. ಹತ್ತನೆಯವರೆಗಿನ ನಿನ್ನ ಐದು ತರಗತಿ ಅದರಲ್ಲಿ ಹೋಯಿತು. ಇದನ್ನು ಹೇಗೆ ಬರೆಯಬೇಕೋ ನನಗೆ ಗೊತ್ತಾಗುತ್ತಿಲ್ಲ. ಹೇಗೆ ಬರೆದರೂ ಕಡಿಮೆಯಾಗುತ್ತದೆ. ಹೀಗೆ ಅನಿಸಿದ್ದು ನನಗೆ ಇದೇ ಮೊದಲು.

ಬೇರೆ ದಾರಿ. ಹಾಸ್ಟೆಲ್ ಬೇಡ. ತರಬೇತಿಯ ಕಟ್ಟಡ ನೋಡಿ ಬಂದೆ, ನಮ್ಮ ಮನೆಯಿಂದ ಹದಿನಾಲ್ಕು ನಿಮಿಷ. ಬೀದಿಗೆ ತೆರೆಯುವ ಕೋಣೆ ಖಾಲಿಯಿದೆ. ಸೀಟು ಸಿಕ್ಕರೂ ಬಾ, ಸಿಗದಿದ್ದರೂ ಬಾ.

ಈ ಕಾಗದವನ್ನು ನಿನ್ನ ಅತ್ತೆಗೆ ಓದಲು ಕೊಟ್ಟೆ. ಅವಳಿಗೂ ಈಗಲೇ ತಿಳಿದದ್ದು. ಒಂದು ದಿನ ನನ್ನ ಜೊತೆ ಮಾತು ಬಿಟ್ಟಳು. ಮಾತಾಡಿದ್ದರೂ ನನಗೆ ಕೇಳುತ್ತಿರಲಿಲ್ಲ ಎಂದು ಸಂಜೆ ಹೊಳೆಯಿತಂತೆ, ಒಬ್ಬಳೇ ನಕ್ಕಳು.

ನಿನ್ನ ಪ್ರಬಂಧಗಳನ್ನು ಕಳಿಸು. ಕತ್ತರಿಸುವುದಿಲ್ಲ.

ಮಾವ

ಎಣಿಸಿದೆ. ಇನ್ನೂರೈವತ್ತು ದಾಟಿದೆ.


ಸೆಪ್ಟೆಂಬರ್ 10

ಪ್ರೀತಿಯ ಮಾವ,

ನಿಮ್ಮ ಕಾಗದ ಬಂದಾಗ ನಾನು ಪ್ಲಾಸ್ಟರ್ ಕಲಸುತ್ತಿದ್ದೆ. ಓದಿ ಮುಗಿಸುವ ಹೊತ್ತಿಗೆ ಬಕೆಟಿನಲ್ಲೇ ಗಟ್ಟಿಯಾಗಿಹೋಯಿತು. ಬಕೆಟ್ ಸಮೇತ ಎಸೆಯಬೇಕಾಯಿತು. ಮೇಡಂ ಬೈದರು. ಬೈಸಿಕೊಳ್ಳುತ್ತಾ ನಗುತ್ತಿದ್ದೆನಂತೆ, ಅದಕ್ಕೆ ಇನ್ನೊಂದು ಸುತ್ತು ಬೈದರು.

ನಾನೇನು ಅಂದುಕೊಂಡಿದ್ದೆ ಎಂದು ಹೇಳಿಬಿಡುತ್ತೇನೆ. ಆ ಕಾರ್ಡು ಬರುವುದಕ್ಕೆ ಮುಂಚಿನ ರಜೆಯಲ್ಲಿ ನಿಮ್ಮ ಮನೆಗೆ ಬಂದಿದ್ದಾಗ ನೀವು ನನಗೆ ಮಗ್ಗಿ ಕೇಳಿದಿರಿ. ನಾನು ಹೇಳಿದೆ. ನೀವು, “ಹೂಂ? ಬರಲ್ವಾ?” ಎಂದಿರಿ. ಮತ್ತೆ ಹೇಳಿದೆ. ನೀವು ತಲೆಯಾಡಿಸಿ ಎದ್ದು ಹೋದಿರಿ. ನಾನು ದಡ್ಡಿ, ಓದಿಸಿ ಉಪಯೋಗವಿಲ್ಲ ಎಂದು ನೀವು ತೀರ್ಮಾನಿಸಿದಿರಿ ಅಂತಲೇ ಇಷ್ಟು ವರ್ಷ ತಿಳಿದಿದ್ದೆ. ಮಗ್ಗಿ ಸರಿಯಾಗಿಯೇ ಹೇಳಿದ್ದೆ ಮಾವ. ಹದಿನೇಳರದ್ದು. ಈಗಲೂ ಬರುತ್ತದೆ.

ಅಮ್ಮನಿಗೆ ನಿಮ್ಮ ಕಾಗದ ಓದಿ ಹೇಳಿದೆ. ಡಬ್ಬಿಯಿಂದ ಆ ಕಾರ್ಡು ತೆಗೆದು ನೋಡಿದಳು. ಆಮೇಲೆ, “ನಂಗಾದ್ರೂ ಏನಾಗಿತ್ತು, ಇನ್ನೊಂದು ಕಾಗದ ಹಾಕೋಕೆ? ನನ್ನದೂ ಹಟಾನೇ,” ಎಂದು ಕಣ್ಣೊರೆಸಿಕೊಂಡಳು.

ಮೊನ್ನೆ ಪರೀಕ್ಷೆಯಾಯಿತು. ಪ್ರಬಂಧದ ಪ್ರಶ್ನೆ: ‘ಒಳ್ಳೆಯ ಕೆಲಸಗಾರ ಮಾತಾಡುವುದು ಕಡಿಮೆ ಎನ್ನುತ್ತಾರೆ. ಒಪ್ಪುತ್ತೀರಾ?’ ಒಪ್ಪುವುದಿಲ್ಲ ಎಂದು ಶುರು ಮಾಡಿದೆ. ಬೇಕರಿ ಅಕ್ಕ ಬಂದರು, ಮೂಳೆ ಬಂತು, ಮೇಡಂ ಕಾರಣ ಕೇಳಿದ್ದು ಬಂತು. ಅವತ್ತು ಬಾಯಿಗೆ ಬಾರದ ಉತ್ತರ ಈಗ ಕೈಗೆ ಬಂತು. ಹೆಚ್ಚಿನ ಹಾಳೆ ಕೇಳಿದೆ. ಕೊಟ್ಟವರು ಅದೇ ಮೇಲ್ವಿಚಾರಕಿ. ಗುರುತು ಹಿಡಿದು, “ಓಹೋ, ಈ ಸಲ ಕೈಕಟ್ಟಿ ಕೂರಲ್ವಾ?” ಎಂದರು. ಗಂಟೆ ಹೊಡೆದಾಗ ಇನ್ನೂ ಬರೆಯುತ್ತಿದ್ದೆ. ಕೊನೆಯ ವಾಕ್ಯಕ್ಕೆ ಚುಕ್ಕಿ ಇಟ್ಟೆನೋ ಇಲ್ಲವೋ ಎಂಬ ಚಿಂತೆ ಬಿಟ್ಟರೆ ಬೇರೆ ಚಿಂತೆಯಿಲ್ಲ.

ಬೀದಿಗೆ ತೆರೆಯುವ ಕೋಣೆಗೆ ಕಿಟಕಿ ಇದೆಯೇ? ಕಿಟಕಿಗೆ ಪರದೆ ಹೊಲಿಯುತ್ತೇನೆಂದು ಅಮ್ಮ ಅಳತೆ ಕೇಳುತ್ತಿದ್ದಾಳೆ.

ನಿಮ್ಮ ಇಲಿಮರಿ


ಅಕ್ಟೋಬರ್ 4

ಮಾವ,

ಬರವಣಿಗೆ ಆರೂವರೆ. ಸೀಟು ಸಿಕ್ಕಿತು. ಬರುವೆ.

ಇಲಿಮರಿ


ಅಕ್ಟೋಬರ್ 9

ಇಲಿಮರಿ,

ನಿನ್ನ ಕಾರ್ಡು ತಲುಪಿತು. ಪೋಸ್ಟಿನವನ ಕೈಯಿಂದ ಗೇಟಿನಲ್ಲೇ ಕಿತ್ತುಕೊಂಡು ಓದಿದೆ. ಅವನಿಗೂ ಓದಿ ಹೇಳಿದೆ. ಅವನು ಸೈಕಲ್ಲಿನ ಬೆಲ್ಲು ಹೊಡೆದನಂತೆ, ಅತ್ತೆ ಹೇಳಿದಳು. ಅವಳು ಬಾಗಿಲಲ್ಲೇ ಕೂತು ಅತ್ತು, ಎದ್ದು ಹೋಗಿ ಕೋಣೆ ಗುಡಿಸಿದಳು, ಅದನ್ನು ಬೆಳಿಗ್ಗೆ ಒಂದು ಸಲ ಗುಡಿಸಿದ್ದಳು.

ಇದೆಲ್ಲ ಸರಿ. ಆದರೆ ನಿನ್ನ ಕಾರ್ಡಿಗೆ ನಾನು ನಾಲ್ಕು ಅಂಕವನ್ನೂ ಕೊಡುವುದಿಲ್ಲ. ಇದೇನು ಬರವಣಿಗೆ? ಫಲಿತಾಂಶ ಬಂದದ್ದು ಬೆಳಿಗ್ಗೆಯೋ ಮಧ್ಯಾಹ್ನವೋ? ಲಕೋಟೆ ಒಡೆದದ್ದು ಯಾರು? ಕೈ ನಡುಗಿತೇ? ಈ ಸಲ ನಿಜ ಹೇಳು. ಮೊದಲು ಯಾರಿಗೆ ಹೇಳಿದೆ, ಬೇಕರಿಯಾಕೆ ಏನೆಂದಳು, ಬನ್ನು ತಂದಳೇ? ನಿನ್ನ ಮೇಡಂ ನಿನ್ನ ಕೈಯಲ್ಲಿ ಸಹಿ ಹಾಕಿಸುವುದು ಯಾವಾಗ? ‘ಬರುವೆ’ ಎಂದರೆ ಯಾವ ದಿನ, ಯಾವ ಬಸ್ಸಿಗೆ, ಎಷ್ಟು ಸಾಮಾನು? ಕಾರಣವಿಲ್ಲ, ಉದಾಹರಣೆಯಿಲ್ಲ. ನಿನಗೆ ಯಾರು ಹೇಳಿಕೊಟ್ಟರು ಹೀಗೆ ಬರೆಯಲು?

ಕಿಟಕಿ ಇದೆ. ಅಗಲ ಮೂರು ಅಡಿ, ಎತ್ತರ ನಾಲ್ಕು. ಹೊರಗೆ ಮಕ್ಕಳು ಅದೇ ಶಾಲೆಗೆ ಹೋಗುವುದು ಕಾಣುತ್ತದೆ. ಗಂಟೆ ಹೊಡೆದಾಗ ನೀನು ನನಗೆ ಹೇಳಬೇಕು. ಕೂಗಿ ಹೇಳುವುದು ಬೇಡ, ನಿನ್ನ ದನಿಯಲ್ಲೇ ಹೇಳು, ನಾನು ಎದುರಿಗೆ ಕೂತು ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ಹದಿನೇಳರ ಮಗ್ಗಿಯನ್ನೂ ಇನ್ನೊಂದು ಸಲ ಹೇಳು.

ಪೂರ್ತಿ ಬರೆದು ಕಳಿಸು. ಹಾಳೆ ಜೊತೆಗಿಟ್ಟಿದ್ದೇನೆ.

ಮಾವ